ಬರಹವಿಲ್ಲದ ದನಿ: ಕಾಸರಗೋಡಿನ ತಾಳಮದ್ದಳೆ ಮತ್ತು ರೇಡಿಯೋ ಸಂಗ್ರಹ

ನನ್ನ ಮಾತು ಸರಿಯಾಗಿ ಕೇಳಿಸ್ತಾ ಉಂಟಲ್ಲ? ಇಲ್ಲಿ ಮಳೆ ಜೋರಾಗಿದೆ. ನಡುವೆ ಎಲ್ಲಿಯಾದರೂ ಕಡಿದುಹೋದರೆ ದಯವಿಟ್ಟು ಹೇಳಿ, ಆ ವಾಕ್ಯವನ್ನು ಇನ್ನೊಮ್ಮೆ ಹೇಳುತ್ತೇನೆ. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಕುಂಬಳೆ ಸೀಮೆಯವಳು.

ರೇಡಿಯೋದ ಹಳೆಯ ಪ್ರಸಾರಗಳನ್ನೂ ಅವುಗಳ ಬರಹದ ಪ್ರತಿಗಳನ್ನೂ ಕಾಪಿಡುವಾಗ ನಾವು ಯಾವುದನ್ನು ‘ಕೃತಿ’ ಎಂದು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದು ನನ್ನ ಪ್ರಶ್ನೆ. ನಮ್ಮ ಗಡಿಯ ಕನ್ನಡಕ್ಕೆ ಇದರಿಂದ ಲಾಭ ಎಷ್ಟು, ನಷ್ಟ ಎಷ್ಟು ಅಂತ ಕೂಡ ನೋಡಬೇಕು.

ಮೊದಲು ಸ್ವಲ್ಪ ದೂರದ ಒಂದು ಉದಾಹರಣೆ ಕೊಡುತ್ತೇನೆ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಲಂಡನ್ನಿನ ಬಿಬಿಸಿಯಲ್ಲಿ, ಭಾರತಕ್ಕಾಗಿ ಪ್ರಸಾರವಾಗುತ್ತಿದ್ದ ವಿಭಾಗದಲ್ಲಿ ಕೆಲಸ ಮಾಡಿದ. ಅವನು ನಡೆಸಿದ ಕವಿತೆಯ ಕಾರ್ಯಕ್ರಮದಲ್ಲಿ ನಮ್ಮ ಮುಲ್ಕ್ ರಾಜ್ ಆನಂದ್ ಕೂಡ ಮಾತಾಡಿದ್ದಾರೆ. ಬಿಬಿಸಿಯ ಬರಹದ ಸಂಗ್ರಹದಲ್ಲಿ ಉಳಿದಿದ್ದ ಅವನ ಸ್ಕ್ರಿಪ್ಟುಗಳು 1985ರಲ್ಲಿ ಪುಸ್ತಕವಾಗಿ ಬಂದವು. ಆದರೆ ಆರ್ವೆಲ್‌ನ ದನಿಯ ಒಂದೇ ಒಂದು ಮುದ್ರಣವೂ ಇಂದು ಸಿಗುವುದಿಲ್ಲ. ಎರಡು ವರ್ಷ ಮೈಕಿನ ಮುಂದೆ ಕೂತ ಲೇಖಕ ಹೇಗೆ ಮಾತಾಡುತ್ತಿದ್ದ ಅಂತ ಕೇಳುವ ದಾರಿ ಇಲ್ಲ. ಅಲ್ಲಿ ಕಾಗದ ಉಳಿಯಿತು, ದನಿ ಹೋಯಿತು.

ಕನ್ನಡದ ರೇಡಿಯೋ ಕಥೆಯೂ ಶುರುವಿನಲ್ಲಿ ಹೀಗೆಯೇ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಧಾರವಾಡ ನಿಲಯ 1950ರಲ್ಲಿ ಬಂತು, ಬೆಂಗಳೂರಿನದು 1955ರಲ್ಲಿ. ಟೇಪ್ ಬಳಕೆ ಹೆಚ್ಚುವ ಮೊದಲು ಹೆಚ್ಚಿನದೆಲ್ಲ ನೇರಪ್ರಸಾರ. ಟೇಪ್ ಬಂದ ಮೇಲೂ ಅದು ದುಬಾರಿ ವಸ್ತು. ಒಂದು ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬುವುದು ರೇಡಿಯೋ ಲೋಕದಲ್ಲಿ ಎಲ್ಲ ಕಡೆ ಇದ್ದ ಪದ್ಧತಿ. ಹಾಗಾಗಿ ಭಾಷಣ, ನಾಟಕ, ಗೀತರೂಪಕ ಇವೆಲ್ಲ ಉಳಿದದ್ದು ಬಹುಪಾಲು ಬರೆದವರ ಮನೆಯ ಹಸ್ತಪ್ರತಿಯಲ್ಲಿ, ಇಲ್ಲವೇ ಆಮೇಲೆ ಬಂದ ಪುಸ್ತಕಗಳಲ್ಲಿ. ನಮ್ಮ ಎಷ್ಟೋ ಪ್ರಬಂಧ ಸಂಕಲನಗಳಲ್ಲಿ ‘ಆಕಾಶವಾಣಿಯಿಂದ ಪ್ರಸಾರವಾದದ್ದು’ ಎಂಬ ಒಂದು ಸಾಲು ಇರುತ್ತದೆ. ನಾವೂ ಅದನ್ನು ಓದಿ ಮುಂದೆ ಹೋಗುತ್ತೇವೆ. ಹತ್ತು ನಿಮಿಷದ ಅಳತೆ ಆ ಪ್ರಬಂಧವನ್ನು ಎಷ್ಟು ತಿದ್ದಿದೆ ಅಂತ ಕೇಳುವವರು ಕಡಿಮೆ.

ಈಗ ನಮ್ಮ ಊರಿಗೆ ಬರುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ವರದಿಯಲ್ಲೇ ಉಳಿಯಿತು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಮಧ್ಯಮ ತರಂಗಕ್ಕೆ ತಲಪಾಡಿಯ ಗೇಟು ಗೊತ್ತಿಲ್ಲ ನೋಡಿ. ನಮ್ಮ ಹಿರಿಯರಿಗೆ ಮಂಗಳೂರು ನಿಲಯ ಬೇರೆ ರಾಜ್ಯದ್ದು ಅಂತ ಒಂದು ದಿನವೂ ಅನಿಸಿರಲಿಕ್ಕಿಲ್ಲ. ಅದರಲ್ಲಿ ಕನ್ನಡ ಇತ್ತು, ತುಳು ಇತ್ತು, ಕೊಂಕಣಿ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ತಾಳಮದ್ದಳೆ ಇತ್ತು.

ತಾಳಮದ್ದಳೆ ನೋಡದವರಿಗಾಗಿ ಎರಡು ಮಾತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ಮಾತಾಡುತ್ತಾರೆ. ಪದ ಪುಸ್ತಕದಲ್ಲಿ ಉಂಟು. ಅರ್ಥ ಪುಸ್ತಕದಲ್ಲಿ ಇಲ್ಲ, ಅದು ಆ ಹೊತ್ತಿಗೆ ಹುಟ್ಟುವ ಮಾತು. ರಾಮಾಯಣದ ಪ್ರಸಂಗಗಳನ್ನು ಬರೆದವನು ಎಂದು ಪರಂಪರೆ ನೆನೆಯುವ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಅರ್ಥಗಾರಿಕೆಯ ದೊಡ್ಡ ಹೆಸರು ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನಲ್ಲಿರುವ ಶೇಣಿ ಕೂಡ ಕಾಸರಗೋಡಿನದೇ ಊರು.

ಇಲ್ಲಿ ಆರ್ವೆಲ್ ಕಥೆ ತಿರುಗುಮುರುಗು ಆಗುತ್ತದೆ. ತಾಳಮದ್ದಳೆಯ ಪ್ರಸಾರಕ್ಕೆ ಸ್ಕ್ರಿಪ್ಟೇ ಇಲ್ಲ. ಇರಲು ಸಾಧ್ಯವೂ ಇಲ್ಲ. ರೇಡಿಯೋ ಸಂಗ್ರಹವನ್ನು ಬರಹದ ಮೂಲಕವೇ ಅಳೆಯುತ್ತ ಹೋದರೆ ಈ ಇಡೀ ಸಾಹಿತ್ಯ ಶೂನ್ಯವಾಗಿ ಕಾಣುತ್ತದೆ. ಟೇಪ್ ಹೋಯಿತು ಅಂದರೆ ಕೃತಿಯೇ ಹೋಯಿತು.

ನನ್ನ ಅಜ್ಜ ಎಂಬತ್ತರ ದಶಕದಲ್ಲಿ ರೇಡಿಯೋದಿಂದ ಕ್ಯಾಸೆಟ್ಟಿಗೆ ತುಂಬಿಸಿಟ್ಟ ತಾಳಮದ್ದಳೆಗಳು ಮನೆಯ ಅಟ್ಟದಲ್ಲಿದ್ದವು. ಒಟ್ಟು ಹತ್ತೊಂಬತ್ತು ಕ್ಯಾಸೆಟ್. ಏಳಕ್ಕೆ ಬೂಷ್ಟು ಹಿಡಿದು ಓಡುವುದಿಲ್ಲ. ಉಳಿದವುಗಳಲ್ಲಿ ಒಂದರ ಮೇಲೆ ‘ವಾಲಿಮೋಕ್ಷ’ ಅಂತ ಬಾಲ್‌ಪೆನ್ನಿನಲ್ಲಿ ಬರೆದಿದೆ. ತಾರೀಕು ಇಲ್ಲ, ಅರ್ಥಧಾರಿಗಳ ಹೆಸರೂ ಇಲ್ಲ. ದನಿ ಕೇಳಿ ಇವರು ಇಂಥವರು ಅಂತ ಮನೆಯವರು ಹೇಳುತ್ತಾರೆ. ನಾನು ಅದನ್ನು ಪ್ರಬಂಧದಲ್ಲಿ ಬರೆಯುವುದಿಲ್ಲ. ಊಹೆಯನ್ನು ಒಮ್ಮೆ ಬರೆದರೆ ಮುಂದಿನವರು ಅದನ್ನೇ ಪ್ರಮಾಣ ಅಂತ ಹಿಡಿಯುತ್ತಾರೆ.

ಆ ಟೇಪನ್ನು ನಾನು ಗಡಿಯಾರ ಇಟ್ಟುಕೊಂಡು ಕೇಳಿದೆ. ಬಾಣ ತಾಗಿದ ಮೇಲೆ ವಾಲಿ ರಾಮನನ್ನು ಪ್ರಶ್ನಿಸುವ ಭಾಗ. ಪದ ಕೆಲವೇ ಸಾಲು, ಎರಡು ನಿಮಿಷಕ್ಕೆ ಮುಗಿಯುತ್ತದೆ. ವಾಲಿಯ ಅರ್ಥ ಹನ್ನೊಂದು ನಿಮಿಷ. ಮೊದಲು ಭಾಷೆ ಗ್ರಾಂಥಿಕ, ಸಂಸ್ಕೃತದ ಸಮಾಸಗಳು ಒಂದರ ಹಿಂದೆ ಒಂದು ಬರುತ್ತವೆ. ಮಾತು ಮರೆಯಲ್ಲಿ ನಿಂತು ಹೊಡೆದ ವಿಷಯಕ್ಕೆ ಬಂದಾಗ ಸಮಾಸಗಳು ಕಳಚುತ್ತವೆ, ವಾಕ್ಯ ಚಿಕ್ಕದಾಗುತ್ತದೆ. ಕೊನೆಗೆ ಬರೀ ‘ಯಾಕೆ?’ ಅಂತ ಒಂದು ಶಬ್ದ. ಆಮೇಲೆ ಆರು ಸೆಕೆಂಡ್ ಮೌನ, ಆ ಮೌನದ ಹಿಂದೆ ಶ್ರುತಿ ಮಾತ್ರ. ಅರ್ಥಗಾರಿಕೆಯನ್ನು ಬರೆದು ಅಚ್ಚು ಹಾಕಿದ ಪುಸ್ತಕಗಳೂ ನಮ್ಮಲ್ಲಿ ಉಂಟು, ಅವು ಬೇಕು ಕೂಡ. ಆದರೆ ಅಚ್ಚಿನಲ್ಲಿ ಆ ಆರು ಸೆಕೆಂಡಿಗೆ ಜಾಗ ಎಲ್ಲಿ? ಎದುರಿನವರು ನಡುವೆ ಹಾಕುವ ‘ಹೂಂ’ ಎಲ್ಲಿ? ವಾದ ಯಾರ ಕಡೆ ವಾಲುತ್ತಿದೆ ಅಂತ ಕೇಳುಗನಿಗೆ ತಿಳಿಯುವುದು ಆ ಹೂಂಕಾರದಿಂದ.

ಅಷ್ಟಕ್ಕೆ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಅಜ್ಜ ಎದ್ದು ಬಂದು ತಿರುಗಿಸಿ ಹಾಕುವಷ್ಟರಲ್ಲಿ ರಾಮನ ಉತ್ತರದ ಆರಂಭ ಹೋಗಿದೆ. ನನ್ನ ಹತ್ತಿರ ಪ್ರಶ್ನೆ ಪೂರ್ತಿ ಇದೆ, ಉತ್ತರ ಅರ್ಧ ಇದೆ.

ಈ ಟೇಪನ್ನು ಕಲೆಯ ದಾಖಲೆ ಅಂತ ಮಾತ್ರ ನೋಡಿದರೆ ಸಾಲದು ಎಂಬುದು ನನ್ನ ಮುಖ್ಯ ವಾದ. ಕಾಸರಗೋಡಿನಲ್ಲಿ ತಾಳಮದ್ದಳೆಗೆ ಕೂರುವವರ ಮನೆಮಾತು ಒಂದೇ ಅಲ್ಲ. ಹವ್ಯಕ ಕನ್ನಡ ಉಂಟು, ತುಳು ಉಂಟು, ಕೊಂಕಣಿ, ಮರಾಠಿ, ಮಲಯಾಳ ಎಲ್ಲ ಉಂಟು. ಇವರೆಲ್ಲ ಕೂಟಕ್ಕೆ ಕೂತಾಗ ಆಡುವುದು ಒಂದೇ ಕನ್ನಡ, ಅದು ಯಾರ ಮನೆಯದ್ದೂ ಅಲ್ಲದ ಕನ್ನಡ. ಗಡಿಯ ಕನ್ನಡ ಅಂದ ಕೂಡಲೇ ನಾವು ಉಪಭಾಷೆ, ಜಾನಪದ, ಅಳಿಯುತ್ತಿರುವ ಪದಗಳು ಅಂತ ಪಟ್ಟಿ ಮಾಡಲು ಕೂರುತ್ತೇವೆ. ಇಲ್ಲಿ ಇರುವುದು ವಾದ ಮಾಡುವ ಕನ್ನಡ: ನ್ಯಾಯ ಯಾವುದು, ದೊರೆಗೆ ಪ್ರಜೆ ಹೇಗೆ ಎದುರು ಮಾತಾಡಬೇಕು ಅಂತ ಯೋಚಿಸುವ ಕನ್ನಡ. ಶಾಲೆ, ಕಚೇರಿ, ಅರ್ಜಿ ಎಲ್ಲ ಕಡೆ ಕನ್ನಡದ ಜಾಗ ಕಿರಿದಾಗುತ್ತ ಹೋದ ಊರಿನಲ್ಲಿ ಆ ಕನ್ನಡಕ್ಕೆ ಒಂದು ಶಾಲೆಯಂತೆ ಉಳಿದದ್ದು ಕೂಟ. ಅದನ್ನು ಅಡುಗೆಮನೆಯವರೆಗೂ, ಕೂಟಕ್ಕೆ ಹೋಗದ ಹೆಂಗಸರವರೆಗೂ ತಂದದ್ದು ರೇಡಿಯೋ. ನನ್ನ ಅಜ್ಜಿ ಒಂದೇ ಒಂದು ಕೂಟಕ್ಕೂ ಹೋದವರಲ್ಲ, ಆದರೆ ವಾಲಿಯ ವಾದ ಅವರಿಗೆ ಬಾಯಿಪಾಠ.

ಹಾಗಂತ ರೇಡಿಯೋವನ್ನು ಬರೀ ಹೊಗಳುವುದೂ ಸರಿಯಲ್ಲ. ರಾತ್ರಿಯಿಡೀ ನಡೆಯುವ ಕೂಟವನ್ನು ಅದು ಅರ್ಧ ಗಂಟೆಗೆ, ಒಂದು ಗಂಟೆಗೆ ಇಳಿಸಿತು. ಪೀಠಿಕೆ ಮೊಟಕಾಯಿತು. ಎದುರಿಗೆ ಜನ ಇಲ್ಲ, ಆದ್ದರಿಂದ ನಗು ಇಲ್ಲ, ಚಪ್ಪಾಳೆ ಇಲ್ಲ. ಪ್ರಸಾರದ ನೀತಿಸಂಹಿತೆಯ ಕಾರಣ ಚುಚ್ಚುಮಾತಿಗೂ ಒಂದು ಲಗಾಮು. ನಮಗೆ ಟೇಪಿನಲ್ಲಿ ಸಿಗುವುದು ಮೈಕಿಗಾಗಿ ಸಂಕ್ಷೇಪವಾದ ಕೂಟ. ಅದನ್ನೇ ‘ಮೂಲ’ ಎಂದು ಕರೆದರೆ ಅದೂ ತಪ್ಪಾಗುತ್ತದೆ. ವಿಮರ್ಶಕರು ಎರಡನ್ನೂ ಕೇಳಬೇಕು: ಏನು ಉಳಿಯಿತು, ಉಳಿಯಲಿಕ್ಕೆ ಏನನ್ನು ಬಿಟ್ಟುಕೊಟ್ಟಿತು.

ಸಂಗ್ರಹ ಮಾಡುವವರಿಗೆ ನನ್ನ ಸಣ್ಣ ಬೇಡಿಕೆ ಒಂದು ಉಂಟು. ಸೂಚಿಯಲ್ಲಿ ನಿಲಯದ ಹೆಸರು ಮತ್ತು ಕಾರ್ಯಕ್ರಮದ ಹೆಸರು ಮಾತ್ರ ಹಾಕಿದರೆ ಕಾಸರಗೋಡಿನ ದನಿಯೆಲ್ಲ ‘ಮಂಗಳೂರು’ ಅಂತ ದಾಖಲಾಗುತ್ತದೆ. ನಾಳೆ ಯಾರಾದರೂ ಕಾಸರಗೋಡು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅರ್ಥಧಾರಿಯ ಊರು, ಭಾಗವತರ ಹೆಸರು, ಚೆಂಡೆ ಮದ್ದಳೆಯವರ ಹೆಸರು, ಪ್ರಸಂಗ, ಪದದ ಮೊದಲ ಶಬ್ದ, ಅವಧಿ ಇಷ್ಟು ಬರೆಯಲು ಹೆಚ್ಚು ಖರ್ಚಿಲ್ಲ. ದನಿ ಗುರುತಿಸಬಲ್ಲ ಹಿರಿಯರು ಇರುವಾಗಲೇ ಬರೆಯಬೇಕು ಅಷ್ಟೇ.

(ಚರ್ಚೆಯಿಂದ)

ಸೊಲ್ಲಾಪುರದಿಂದ ಒಬ್ಬರು ಕೇಳಿದರು: ನಮ್ಮ ಕಡೆ ತಾಳಮದ್ದಳೆ ಇಲ್ಲ. ಈ ವಾದದಿಂದ ನಮಗೇನು ಉಪಯೋಗ?

ಒಳ್ಳೆಯ ಪ್ರಶ್ನೆ ಸರ್. ಬೇಂದ್ರೆಯವರು 1944ರಿಂದ 1956ರವರೆಗೆ ನಿಮ್ಮ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿ ಹೋದವರು. ಅವರ ಕವಿತೆಯನ್ನು ನಾವು ಪುಟದಲ್ಲಿ ಓದುತ್ತೇವೆ, ಅವರು ಅದನ್ನು ಹೇಳುತ್ತಿದ್ದ ರೀತಿಯೇ ಬೇರೆ ಅಂತ ಕೇಳಿದವರೆಲ್ಲ ಹೇಳುತ್ತಾರೆ. ನಿಮ್ಮ ಕಡೆಯ ತತ್ವಪದ, ರಿವಾಯತ್ ಪದಗಳ ವಿಷಯದಲ್ಲೂ ಪ್ರಶ್ನೆ ಇದೇ. ಪದ ಬರೆದಿಟ್ಟರೆ ಧಾಟಿ ಉಳಿಯುತ್ತದಾ? ಹಳೆ ಕ್ಯಾಸೆಟ್ ಯಾರ ಮನೆಯಲ್ಲಿ ಉಂಟು ಅಂತ ಒಂದು ಪಟ್ಟಿಯಿಂದ ಶುರು ಮಾಡಬಹುದು.

ಇನ್ನೊಬ್ಬರು ಕೇಳಿದರು: ಮನೆಯ ಕ್ಯಾಸೆಟ್ಟುಗಳನ್ನು ಅಂತರ್ಜಾಲಕ್ಕೆ ಹಾಕಬಹುದಾ?

ಅವಸರ ಮಾಡಬಾರದು ಮೇಡಂ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, ಕಲಾವಿದರ ಹಕ್ಕು 50 ವರ್ಷ, ಪ್ರಸಾರ ಮಾಡಿದವರ ಹಕ್ಕು 25 ವರ್ಷ. ಮೊದಲು ಡಿಜಿಟಲ್ ಪ್ರತಿ ಮಾಡಿ ಭದ್ರವಾಗಿ ಇಡೋಣ. ಬೂಷ್ಟು ಕಾನೂನಿಗಾಗಿ ಕಾಯುವುದಿಲ್ಲ. ಎಲ್ಲರಿಗೂ ಕೇಳಿಸುವ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಬೇಕು. ನಾನು ಹೋಗಿ ಕೇಳಿದ ಎರಡು ಮನೆಗಳಲ್ಲಿ ಅವರು ಅನುಮತಿಯ ಮಾತು ಎತ್ತಲೇ ಇಲ್ಲ. ‘ನಮಗೂ ಒಂದು ಪ್ರತಿ ಕೊಡ್ತೀರಾ?’ ಅಂತ ಕೇಳಿದರು. ಅವರ ಮನೆಯಲ್ಲಿ ಆ ದನಿ ಇರಲಿಲ್ಲ.

ರಾಮನ ಉತ್ತರದ ಆರಂಭ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.