ಕೌಟಿಲ್ಯನ ಮಂಡಲವೂ ಆಧುನಿಕ ವಾಸ್ತವವಾದವೂ

ಅಂತರರಾಷ್ಟ್ರೀಯ ಸಂಬಂಧಗಳ ಶಾಸ್ತ್ರವನ್ನು ಪರಿಚಯಿಸುವ ನಮ್ಮ ಬರಹಗಳಲ್ಲಿ ಒಂದು ಮಾತು ಮಂತ್ರದಂತೆ ಮರಳಿ ಮರಳಿ ಬರುತ್ತದೆ: ನೆರೆಯ ಅರಸನು ಶತ್ರು, ಅವನಾಚೆಯವನು ಮಿತ್ರ, ಆದುದರಿಂದ ಕೌಟಿಲ್ಯನೇ ವಾಸ್ತವವಾದದ ಆದಿಪುರುಷ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಹತ್ತು ವರ್ಷಗಳಲ್ಲೇ, ಈ ಗ್ರಂಥದೆದುರು ಮ್ಯಾಕಿಯವೆಲ್ಲಿ ನಿರುಪದ್ರವಿಯೆಂದು ಜರ್ಮನಿಯ ಮ್ಯಾಕ್ಸ್ ವೇಬರ್ ಹೇಳಿದರು. ಆ ಕೀರ್ತಿಯನ್ನು ನಾವು ಪರೀಕ್ಷಿಸದೆ ಒಪ್ಪಿಕೊಂಡೆವು.

ಸಾಮ್ಯವಿಲ್ಲವೆಂದಲ್ಲ. ರಾಜ್ಯಗಳ ವರ್ತನೆಗೆ ಅಧಿಕಾರಾಪೇಕ್ಷೆಯೇ ಮೂಲವೆಂದು 1948ರಲ್ಲಿ ವಾದಿಸಿದ ಮಾರ್ಗೆಂಥೌ ಅದರ ಬೇರನ್ನು ಮನುಷ್ಯಸ್ವಭಾವದಲ್ಲಿ ಕಂಡರು. 1979ರಲ್ಲಿ ವಾಲ್ಟ್ಜ್ ಅದನ್ನು ರಾಜ್ಯಗಳ ಮೇಲೆ ಒಡೆಯನಿಲ್ಲದ ವ್ಯವಸ್ಥೆಯಲ್ಲಿ ಕಂಡರು. ಹನ್ನೆರಡು ಅರಸರ ಮಂಡಲದಲ್ಲಿಯೂ ಅಂಥ ಒಡೆಯನಿಲ್ಲ.

ಆದರೆ ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ವಾಲ್ಟ್ಜ್ ರಾಜ್ಯದ ಒಳಸ್ಥಿತಿಯನ್ನು ತಮ್ಮ ಸಿದ್ಧಾಂತದಿಂದ ಹೊರಗಿಟ್ಟರು. ಕೌಟಿಲ್ಯನಾದರೋ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಸಪ್ತಾಂಗಗಳನ್ನು ವಿಚಾರಿಸಿದ ಬಳಿಕವೇ ಷಾಡ್ಗುಣ್ಯಕ್ಕೆ ಬರುತ್ತಾನೆ. ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನವಾದ ವೃದ್ಧಿಯಿದ್ದರೆ ಸಂಧಿಯನ್ನೇ ಹಿಡಿಯಬೇಕೆಂಬುದು ಅವನ ಮತ. ಯುದ್ಧದಲ್ಲಿ ಕ್ಷಯ, ವ್ಯಯ, ಪ್ರವಾಸಗಳಿವೆಯಲ್ಲವೇ? ಎಲ್ಲಕ್ಕಿಂತ ಮಿಗಿಲಾಗಿ, ಏಳನೆಯ ಅಧಿಕರಣದ ಕೊನೆಯಲ್ಲಿ ನೆರೆಯ ಅರಸರಲ್ಲಿ ಶತ್ರುಭಾವದವರು, ಮಿತ್ರಭಾವದವರು, ಭೃತ್ಯಭಾವದವರು ಎಂದು ಮೂರು ಬಗೆ ಮಾಡುತ್ತಾನೆ. ನೆರೆತನವೊಂದೇ ಹಗೆತನವಲ್ಲ, ಭಾವವನ್ನೂ ಅರಿಯಬೇಕು. ಅರಾಜಕತೆಗೆ ಅರ್ಥವನ್ನು ಕೊಡುವವರು ರಾಜ್ಯಗಳೇ ಎಂದು 1992ರಲ್ಲಿ ವೆಂಟ್ ಮಂಡಿಸಿದ ನಿರ್ಮಾಣವಾದಕ್ಕೆ ಈ ಮಾತು ಒಂದಿಷ್ಟು ಹತ್ತಿರವಾಗಿದೆ.

ಹಾಗೆಂದು ಕೌಟಿಲ್ಯನನ್ನು ಶಾಂತಿದೂತನನ್ನಾಗಿ ಮಾಡುವುದೂ ಅಷ್ಟೇ ತಪ್ಪು. ಸ್ವತಂತ್ರ ರಾಜ್ಯಗಳ ಒಕ್ಕೂಟವನ್ನು 1795ರಲ್ಲಿ ಕಲ್ಪಿಸಿದ ಕಾಂಟನ ಉದಾರ ಪರಂಪರೆಗೆ ಇಲ್ಲಿ ಎಡೆಯಿಲ್ಲ. ಗೂಢಚಾರರೂ ವಿಷಪ್ರಯೋಗವೂ ಈ ಗ್ರಂಥದಲ್ಲಿ ಧಾರಾಳವಾಗಿವೆ. ಮುಖ್ಯವಾದ ಭೇದವು ಗ್ರಂಥದ ಉದ್ದೇಶದಲ್ಲಿದೆ. ವಾಲ್ಟ್ಜರದು ವ್ಯವಸ್ಥೆಯ ವಿವರಣೆ. ಕೌಟಿಲ್ಯನದು ವಿಜಿಗೀಷುವಿಗೆ ಹೇಳಿದ ಉಪದೇಶ. ಉಪದೇಶವನ್ನು ನಿಸರ್ಗನಿಯಮವೆಂದು ಓದಿದರೆ ನೆರೆಯವನೊಡನೆ ಸ್ನೇಹವು ಅಸಾಧ್ಯವೆಂದು ಮೊದಲೇ ತೀರ್ಮಾನಿಸಿದಂತಾಗುತ್ತದೆ. ಆ ತೀರ್ಮಾನಕ್ಕೆ ಶಾಸ್ತ್ರದ ಹೆಸರಿನ ಬೆಂಬಲವೂ ದೊರೆಯುತ್ತದೆ.

ಪಾಶ್ಚಾತ್ಯರ ಪಂಕ್ತಿಯಲ್ಲಿ ನಮ್ಮವನಿಗೊಂದು ಮಣೆ ಹಾಕಿಸುವ ಆತುರದಲ್ಲಿ ಅವನ ಮಾತನ್ನೇ ಅರ್ಧಕ್ಕೆ ಕತ್ತರಿಸುವುದು ಗೌರವವಲ್ಲ. ಆರನೆಯ ಅಧಿಕರಣದ ಮಂಡಲವನ್ನು ಉದ್ಧರಿಸುವವರು ಏಳನೆಯದನ್ನು ಕೊನೆಯವರೆಗೆ ಓದಬೇಕು.