ಬಣ್ಣ ಕೇಳದ ಕಾಗದ

ತೆರಿಗೆಯ ಪುಸ್ತಕವೊಂದು ಮನಸ್ಸು ಕಲಕೀತೆಂದು ನಾನು ಎಣಿಸಿರಲಿಲ್ಲ. ಡೊರೊಥಿ ಬ್ರೌನ್ ಬರೆದ ‘ದಿ ವೈಟ್‌ನೆಸ್ ಆಫ್ ವೆಲ್ತ್’ (2021) ಆ ಕೆಲಸ ಮಾಡಿತು.

ಬ್ರೌನ್ ಅಮೆರಿಕದ ಕಪ್ಪು ಮಹಿಳೆ, ತೆರಿಗೆ ಕಾನೂನಿನ ಪ್ರಾಧ್ಯಾಪಕಿ. ಅಪ್ಪ ಕೊಳಾಯಿ ಕೆಲಸದವರು, ಅಮ್ಮ ನರ್ಸ್. ಇಬ್ಬರ ಸಂಪಾದನೆ ಹೆಚ್ಚುಕಡಿಮೆ ಸಮ. ಅವರ ತೆರಿಗೆ ಲೆಕ್ಕ ಬರೆಯುತ್ತಿದ್ದ ಮಗಳಿಗೆ, ಇವರಿಗೇಕೆ ಇಷ್ಟು ತೆರಿಗೆ ಎಂಬ ಪ್ರಶ್ನೆ ಹುಟ್ಟಿತು. ಅಲ್ಲಿ ಗಂಡ ಹೆಂಡತಿ ಒಟ್ಟಾಗಿ ಲೆಕ್ಕ ಒಪ್ಪಿಸಬಹುದು. ಒಬ್ಬರೇ ದುಡಿಯುವ ಮನೆಗೆ ಅದರಿಂದ ಲಾಭ. ಇಬ್ಬರೂ ಸಮಸಮನಾಗಿ ದುಡಿದರೆ ಲಾಭವಿಲ್ಲ, ಎಷ್ಟೋ ಸಲ ದಂಡವೇ. ಹೀಗೆ ಇಬ್ಬರೂ ದುಡಿಯುವ ಮನೆಗಳು ಕಪ್ಪು ಜನರಲ್ಲೇ ಹೆಚ್ಚು. ಕಾನೂನಿನಲ್ಲಿ ಬಣ್ಣದ ಹೆಸರಿಲ್ಲ, ತೆರಿಗೆಯ ಕಾಗದ ಜನಾಂಗ ಕೇಳುವುದಿಲ್ಲ. ಕೇಳದ್ದರಿಂದಲೇ ಅನ್ಯಾಯ ಲೆಕ್ಕಕ್ಕೆ ಸಿಗುವುದಿಲ್ಲ. ಪುಸ್ತಕದ ತಿರುಳು ಇದೇ.

ಅಂಕಿಅಂಶಗಳು ಕೆಲವೆಡೆ ಭಾರವಾಗುತ್ತವೆ. ಅಪ್ಪ ಅಮ್ಮ ಬಂದಾಗಲೇ ಬರಹಕ್ಕೆ ಜೀವ. ಪರಿಹಾರವೆಂದು ಅವರು ಕೇಳುವುದು ಒಬ್ಬೊಬ್ಬರಿಗೂ ಬೇರೆ ಲೆಕ್ಕ. ನಮ್ಮ ದೇಶದಲ್ಲಿ ಅದು ಇದೆ. ಆದರೂ ಪುಸ್ತಕ ಮುಚ್ಚಿದಾಗ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷ ಸಂಬಳ ತಂದ ಟೀಚರು ನಾನು. ಲೆಕ್ಕದ ಕಾಗದಕ್ಕೆ ನಮ್ಮ ಯಜಮಾನರು ತೋರಿಸಿದ ಕಡೆ ಸಹಿ ಹಾಕಿದ್ದೇ ಬಂತು. ಕಾನೂನು ಹೆಣ್ಣನ್ನು ಬೇರೆಯಾಗಿ ಎಣಿಸಿದರೆ ಸಾಲದು. ಆಕೆ ಆ ಕಾಗದವನ್ನು ಓದಲೂ ಬೇಕು. ಬ್ರೌನ್ ಓದಿದ್ದರಿಂದಲೇ ಅಲ್ಲವೇ ಪ್ರಶ್ನೆ ಎದ್ದದ್ದು?

ಈ ವರ್ಷ ನನ್ನ ಲೆಕ್ಕ ನಾನೇ ಬರೆದೆ. ಎರಡು ಕಡೆ ತಪ್ಪಿತು. ತಿದ್ದಿಕೊಂಡೆ.