ತಿರುಳ್ಗನ್ನಡದ ಸೀಮೆ, ನಗೆಪಾತ್ರದ ನುಡಿ

ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ರಾಜ್ಯೋತ್ಸವದ ವೇದಿಕೆಗಳಲ್ಲಿ ಈ ಮಾತು ಪ್ರತಿವರ್ಷ ಕೇಳಿಬರುತ್ತದೆ. ಅದೇ ಪ್ರಕರಣದಲ್ಲಿ ಮುಂದೆ ಬರುವ ಇನ್ನೊಂದು ಮಾತು ವೇದಿಕೆಗೆ ಅಷ್ಟಾಗಿ ಬರುವುದಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕು ಊರುಗಳ ನಡುವಣ ನಾಡೇ ಕನ್ನಡದ ತಿರುಳು ಎಂಬುದು ಆ ಗ್ರಂಥದ ನಿರ್ಣಯ. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಅವು ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪ್ಪಳ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಆದಿಕವಿ ಪಂಪನು 941ರ ಹೊತ್ತಿಗೆ ತನ್ನ ಭಾರತವನ್ನು ಬರೆದಾಗ, ತಾನು ಬಳಸಿದುದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು.

ಈ ನಾಲ್ಕೂ ಊರುಗಳು ಇಂದಿನ ಉತ್ತರ ಕರ್ನಾಟಕದಲ್ಲಿವೆ. ಒಂದು ಕಾಲಕ್ಕೆ ಕವಿಗಳಿಗೆ ಪ್ರಮಾಣವಾಗಿದ್ದ ಸೀಮೆಯ ಆಡುನುಡಿಯು ಇಪ್ಪತ್ತನೆಯ ಶತಮಾನದ ಕನ್ನಡ ಚಲನಚಿತ್ರದಲ್ಲಿ ಹೆಚ್ಚಾಗಿ ಯಾವ ಕೆಲಸಕ್ಕೆ ನೇಮಕವಾಯಿತೆಂಬುದನ್ನು ನೋಡಬೇಕು. ನಾಯಕನಿಗೆ ಮೈಸೂರು–ಬೆಂಗಳೂರಿನ ಶಿಷ್ಟ ಕನ್ನಡ, ನಾಯಕಿಗೂ ಅದೇ. ‘ಯಾಕ್ರಿ’, ‘ಹೌದ್ರಿ’, ‘ಬರ್ರಿ’ ಎನ್ನುವವನು ಮನೆಯ ಆಳು, ಊರಿಂದ ಮೂಟೆ ಹೊತ್ತು ಬಂದ ಪೆದ್ದ, ಅಥವಾ ಮೀಸೆ ತಿರುವಿ ಕಿರುಚುವ ಗೌಡ. ಅವನು ಬಾಯಿ ತೆರೆದೊಡನೆ ಪ್ರೇಕ್ಷಕರು ನಗಬೇಕೆಂಬುದು ಒಪ್ಪಂದ. ಅವನ ಮಾತಿನಲ್ಲಿ ಹಾಸ್ಯವಿರಬೇಕೆಂದೇನೂ ಇಲ್ಲ. ಉಚ್ಚಾರಣೆಯೇ ಹಾಸ್ಯದ ಪೂರ್ತಿ ಬಂಡವಾಳ. ಖಡಕ್ ರೊಟ್ಟಿ, ಹಸಿಮೆಣಸಿನಕಾಯಿಯ ಖಾರ, ಗಟ್ಟಿ ಗಂಟಲು, ಇವಿಷ್ಟರಲ್ಲಿ ಅರ್ಧ ರಾಜ್ಯದ ಜನರ ಸ್ವಭಾವ ಮುಗಿದುಹೋಗುತ್ತದೆ.

ಕರಾವಳಿಯವರ ಪಾಡು ಇದಕ್ಕಿಂತ ಮೇಲಲ್ಲ. ಅಲ್ಲಿನ ಪಾತ್ರವೆಂದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ, ಕಾಸಿಗೆ ಕಾಸು ಗಂಟುಹಾಕುವ, ‘ಮಾರಾಯ್ರೆ’ ಎಂದು ಆರಂಭಿಸಿ ಪುಸ್ತಕದಂತೆ ಮಾತನಾಡುವ ವ್ಯಕ್ತಿ. ಈ ‘ಪುಸ್ತಕದ ಕನ್ನಡ’ ಎಂಬ ಹಾಸ್ಯದ ಹಿಂದಿರುವ ಸಂಗತಿಯನ್ನು ಸಂಭಾಷಣೆ ಬರೆದವರು ಯೋಚಿಸಿದಂತೆ ತೋರುವುದಿಲ್ಲ. ತುಳು, ಕೊಂಕಣಿ, ಬ್ಯಾರಿ ಮನೆಮಾತಾಗಿರುವ ನಾಡಿನಲ್ಲಿ ಅನೇಕರು ಕನ್ನಡವನ್ನು ಶಾಲೆಯಲ್ಲಿ, ಪಠ್ಯಪುಸ್ತಕದಿಂದ ಕಲಿಯುತ್ತಾರೆ, ಕಲಿತಂತೆ ಆಡುತ್ತಾರೆ. ಇನ್ನೊಬ್ಬರ ಭಾಷೆಯನ್ನು ಶ್ರಮಪಟ್ಟು ಶುದ್ಧವಾಗಿ ಕಲಿತವನನ್ನು ನೋಡಿ ಆ ಭಾಷೆಯವರೇ ನಗುವುದು ವಿಚಿತ್ರ ಸೌಜನ್ಯ. ಅಷ್ಟೇ ಅಲ್ಲ, ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಅಲ್ಲಿಂದ. ಇಂದಿಗೂ ವಿದ್ವಾಂಸರು ತೆರೆದು ನೋಡುವ ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಮಂಗಳೂರಿನಲ್ಲೇ. ಇನ್ನು ಮಂಡ್ಯದ ಸೀಮೆಗೆ ‘ಏನ್ಲಾ’ ಎನ್ನುವ ಜಗಳಗಂಟನ ಪಾತ್ರ ಮೀಸಲು. ಹಳೆಯ ಮೈಸೂರಿನೊಳಗೂ ಅರಮನೆಯ ಊರಿನ ಕನ್ನಡ ಒಂದು, ಗದ್ದೆಯ ಬದುವಿನ ಕನ್ನಡ ಇನ್ನೊಂದು ಎಂಬ ಪಂಕ್ತಿಭೇದ ಇದ್ದೇ ಇದೆ.

ಇದು ಹೀಗೇಕಾಯಿತು? 1956ರ ನವೆಂಬರ್ 1ರವರೆಗೆ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಧಾರವಾಡದ ಹುಡುಗ ಮರಾಠಿಯ ನೆರಳಿನಲ್ಲಿ, ಕಲಬುರಗಿಯ ಹುಡುಗ ಉರ್ದುವಿನ ಆಡಳಿತದಲ್ಲಿ ಓದುತ್ತಿದ್ದ ಕಾಲದಲ್ಲಿ ಕನ್ನಡಕ್ಕೆ ಸ್ವಂತ ಅರಸೊತ್ತಿಗೆ, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು ಇದ್ದುದು ಮೈಸೂರು ಸಂಸ್ಥಾನದಲ್ಲಿ. ಏಕೀಕರಣದ ಕೂಗು ಮೊದಲು ಗಟ್ಟಿಯಾಗಿ ಎದ್ದದ್ದು ಧಾರವಾಡದ ಕಡೆಯಿಂದ: 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ, ಆಲೂರು ವೆಂಕಟರಾಯರ ಬರಹದಿಂದ. ಮೈಸೂರಿನ ಕೆಲವು ಮುಖಂಡರಿಗೆ ಅದರಲ್ಲಿ ಹಿಂಜರಿಕೆಯಿತ್ತು. ಮುಂದುವರಿದ ಸಂಸ್ಥಾನದ ತಲೆಯ ಮೇಲೆ ಹಿಂದುಳಿದ ಜಿಲ್ಲೆಗಳ ಹೊರೆ ಬೀಳುವುದೆಂಬ ಲೆಕ್ಕ ಅವರದು. ರಾಜ್ಯ ಒಂದಾಯಿತು, ಆ ಲೆಕ್ಕ ಮಾತ್ರ ಬೇರೆ ರೂಪದಲ್ಲಿ ಉಳಿಯಿತು. ವಿಧಾನಸೌಧ, ಪಠ್ಯಪುಸ್ತಕ, ಚಿತ್ರೋದ್ಯಮ ಒಂದೇ ದಿಕ್ಕಿನಲ್ಲಿ ನೆಲೆನಿಂತಾಗ ಆ ದಿಕ್ಕಿನ ಮಾತು ‘ಕನ್ನಡ’ವೆನಿಸಿತು, ಉಳಿದವು ‘ಭಾಷೆಯ ಸೊಗಡು’ ಎನಿಸಿದವು. ಸೊಗಡು ಎಂಬ ಈ ಮೆಚ್ಚುಗೆಯ ಮಾತಿನಲ್ಲಿಯೂ ಅಂತರವನ್ನು ಕಾಯ್ದುಕೊಳ್ಳುವ ಜಾಣತನವಿದೆ.

ಇಲ್ಲಿ ಕವಿರಾಜಮಾರ್ಗವನ್ನು ಮತ್ತೆ ತೆರೆಯುವುದು ಉಚಿತ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಆ ನಾಲ್ಕು ಊರುಗಳ ಚೌಕದ ಹೊರಗಿದೆ. ಚಕ್ರವರ್ತಿಯ ಆಸ್ಥಾನದಲ್ಲಿ ಕುಳಿತು ಬರೆದ ಗ್ರಂಥವು ಚಕ್ರವರ್ತಿಯ ಊರಿನ ಮಾತೇ ಶ್ರೇಷ್ಠವೆಂದು ಹೇಳಲಿಲ್ಲ. ಅದೂ ಒಂದು ಸೀಮೆಗೆ ಪಟ್ಟ ಕಟ್ಟಿತು, ನಿಜ. ಆ ಪಟ್ಟವನ್ನು ಇಂದಿನ ಉತ್ತರದವರು ಹೊಸ ಅಹಂಕಾರಕ್ಕೆ ಆಧಾರ ಮಾಡಿಕೊಂಡರೆ ಅದೂ ತಪ್ಪಾದೀತು. ಏಕೆಂದರೆ ಅದೇ ಗ್ರಂಥ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಮಾತನಾಡಿದೆ. ದೇಸಿಯು ಊರೂರಿಗೆ ಬೇರೆಯಾಗುವುದರಿಂದ ಅವುಗಳ ದೋಷಗಳನ್ನು ಇಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದು ಒಪ್ಪಿಕೊಂಡಿದೆ. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದಿನ ಲಕ್ಷಣಕಾರನಿಗಿದ್ದ ಈ ವಿನಯ ಇಂದಿನ ಸಂಭಾಷಣಾಕಾರರಿಗೆ ಬಾರದಿರುವುದು ಆಶ್ಚರ್ಯ.

ಹಾಗಾದರೆ ಆಡುನುಡಿಯನ್ನಿಟ್ಟು ನಗಿಸಲೇ ಬಾರದೇ ಎಂಬ ಪ್ರಶ್ನೆ ಬರುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತವನ್ನು ಕಾಯುವ ಐದು ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯದ ತ್ಯಾಗವನ್ನೂ ಸೇರಿಸಿದ್ದಾರೆ. ಕೋಪದಿಂದ, ಆಸೆಯಿಂದ, ಹೆದರಿಕೆಯಿಂದ ಸುಳ್ಳು ಹುಟ್ಟುವುದು ಎಲ್ಲರಿಗೂ ಗೊತ್ತು. ನಗಿಸುವ ಚಪಲದಿಂದಲೂ ಹುಟ್ಟುತ್ತದೆಂಬುದು ಅವರು ಕಂಡ ಸೂಕ್ಷ್ಮ. ಗೃಹಸ್ಥರಿಗೆ, ಅದರಲ್ಲೂ ನಾಟಕ–ಸಿನಿಮಾಗಳಿಗೆ, ನಗೆಯನ್ನೇ ಬಿಡಿರೆಂದು ಯಾರೂ ಹೇಳಲಾರರು. ಆದರೆ ನಗೆಯೊಳಗಿನ ಸುಳ್ಳನ್ನು ಪರೀಕ್ಷಿಸಬಹುದು. ಪರೀಕ್ಷೆ ಸುಲಭವಾದದ್ದು: ಆ ನುಡಿಯನ್ನಾಡುವ ಪಾತ್ರಕ್ಕೆ ಕೃತಿಕಾರನು ದುಃಖಪಡುವ ಅವಕಾಶ ಕೊಟ್ಟಿದ್ದಾನೆಯೇ? ಪ್ರೇಮವನ್ನು ಹೇಳುವ, ಲೆಕ್ಕ ಕೇಳುವ, ತತ್ತ್ವ ವಿಚಾರಿಸುವ ಮಾತುಗಳು ಆ ನುಡಿಯಲ್ಲಿ ಬರುತ್ತವೆಯೇ? ನಗೆ ಮಾತ್ರ ಇದ್ದು ಉಳಿದುದೆಲ್ಲ ಶಿಷ್ಟ ಕನ್ನಡಕ್ಕೆ ಮೀಸಲಾಗಿದ್ದರೆ ಅದು ಖರ್ಚು ಬರೆದು ಜಮೆ ಬರೆಯದ ಖಾತೆ.

ಈ ಒರೆಗೆ ಹಚ್ಚಿದಾಗ ಸಾಹಿತ್ಯವು ಸಿನಿಮಾಕ್ಕಿಂತ ಬಹಳ ಮುಂದಿದೆ. ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲಿಯೇ ದಾಂಪತ್ಯವನ್ನೂ ಮಗುವಿನ ಸಾವನ್ನೂ ಅಧ್ಯಾತ್ಮವನ್ನೂ ಹಾಡಿದರು. ಅವರ ಕಾವ್ಯ ಓದಿದವನಿಗೆ ಆ ನುಡಿ ನಗೆಗೆ ಮಾತ್ರ ಲಾಯಕ್ಕೆಂದು ಹೇಳುವ ಧೈರ್ಯ ಬರದು. ಕಂಬಾರರು ‘ಜೋಕುಮಾರಸ್ವಾಮಿ’ಯಲ್ಲಿ ಬೆಳಗಾವಿಯ ಹಳ್ಳಿಯ ಮಾತಿಗೆ ಭೂಮಿಯ ಹಕ್ಕನ್ನು ಕೇಳುವ ದನಿ ಕೊಟ್ಟರು. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಕಾದಂಬರಿಯಲ್ಲಿ ಬೆಳಗಾವಿ ಸೀಮೆಯ ಜೈನ ರೈತ ಕುಟುಂಬಗಳ ಬದುಕು ಇದೆ. ಮೈಸೂರಿನ ಓದುಗನಿಗೆ ಅರ್ಥವಾದೀತೋ ಇಲ್ಲವೋ ಎಂಬ ಅಳುಕಿಲ್ಲದೆ ಬರೆದ ಪುಸ್ತಕ ಅದು. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಬೇಂದ್ರೆ, ಗೋಕಾಕ, ಕಾರ್ನಾಡ, ಕಂಬಾರ ಎಂದು ನಾಲ್ಕು ಧಾರವಾಡ–ಬೆಳಗಾವಿಯ ನೆಲದ ನಂಟಿನವು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಚಲನಚಿತ್ರದಲ್ಲಿ ಅಪವಾದಗಳಿವೆ, ಅವು ಅಪವಾದವಾಗಿಯೇ ಬಹುಕಾಲ ಉಳಿದವು. ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997) ಪ್ರಾರಂಭದಿಂದ ಕೊನೆಯವರೆಗೆ ಉತ್ತರ ಕರ್ನಾಟಕದ ಮಾತಿನಲ್ಲಿ ನಡೆಯಿತು. ಗಂಡನಿಂದ ತಿರಸ್ಕೃತಳಾದ ಹೆಂಡತಿಯ ಒಂಟಿತನ, ಊರಿನ ಮುಂದೆ ಅವಳು ಮಾಡುವ ದಿವ್ಯ, ಎಲ್ಲವೂ ಆ ನುಡಿಯಲ್ಲಿಯೇ. ಬೆಂಗಳೂರಿನ ಪ್ರೇಕ್ಷಕರು ನಗಲಿಲ್ಲ, ಹಾಡುಗಳನ್ನು ಕಲಿತು ಹಾಡಿದರು. ನುಡಿಯಲ್ಲಿ ದೋಷವಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ ಮಂಡ್ಯದ ಹಳ್ಳಿಯವರನ್ನೇ ನಟರನ್ನಾಗಿ ಮಾಡಿಕೊಂಡಿತು. ಅಲ್ಲಿಯೂ ನಗೆ ಬೇಕಾದಷ್ಟಿದೆ. ಆದರೆ ಅದು ಮನುಷ್ಯರ ಆಸೆಬುರುಕತನವನ್ನು ಕಂಡು ಬರುವ ನಗೆ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಮಂಗಳೂರಿನ ಕನ್ನಡ ಅಧ್ಯಾಪಕನೊಬ್ಬನನ್ನು ನಾಯಕನನ್ನಾಗಿಸಿತು. ಯಾವ ಉಚ್ಚಾರಣೆಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿ ನಗಿಸಲಾಗಿತ್ತೋ ಅದೇ ಉಚ್ಚಾರಣೆಯಲ್ಲಿ ಒಬ್ಬ ಸಂಕೋಚದ ಮನುಷ್ಯನ ಅವಮಾನ ಕೇಳಿಸಿತು.

2022ರ ‘ಕಾಂತಾರ’ದ ಯಶಸ್ಸು ಬೇರೆಯದೇ ಬಗೆಯದು. ಕರಾವಳಿಯ ಕನ್ನಡ ಭಾರತದ ಮೂಲೆಮೂಲೆಗೂ ಹೋಯಿತು. ಅದು ಸಂತೋಷದ ವಿಷಯ. ಆದರೆ ಕರಾವಳಿಯೆಂದರೆ ದೈವ, ಕೋಲ, ಕಂಬಳ, ಕಾಡು ಎಂಬ ಹೊಸ ಅಚ್ಚು ಅದರ ಬೆನ್ನಿಗೇ ತಯಾರಾಗುತ್ತಿರುವಂತಿದೆ. ಹಳೆಯ ಅಚ್ಚು ಅವಮಾನದ್ದು, ಇದು ಗೌರವದ್ದು, ನಿಜ. ಬ್ಯಾಂಕುಗಳನ್ನು ಕಟ್ಟಿದ, ಮುದ್ರಣಾಲಯಗಳನ್ನು ನಡೆಸಿದ, ಮೂಡುಬಿದಿರೆಯಲ್ಲಿ ತಾಳೆಗರಿಯ ಸಿದ್ಧಾಂತ ಗ್ರಂಥಗಳನ್ನು ಕಾಪಾಡಿದ ಕರಾವಳಿ ಎರಡು ಅಚ್ಚುಗಳಲ್ಲಿಯೂ ಇಲ್ಲ.

ಉತ್ತರದವರೂ ಸುಮ್ಮನಿಲ್ಲ. ದಕ್ಷಿಣದವನು ಮೆತ್ತಗೆ ಮಾತನಾಡಿ ಕೈಕೊಡುವವನು, ಅನ್ನ ತಿನ್ನುವ ನಿಶ್ಶಕ್ತ, ಮನೆಗೆ ಬಂದವರಿಗೆ ‘ಊಟ ಆಯ್ತಾ’ ಎಂದು ಕೇಳಿ ಬಾಗಿಲು ಮುಚ್ಚುವವನು ಎಂಬ ಪ್ರತಿಸಾಲುಗಳು ಹುಬ್ಬಳ್ಳಿ–ವಿಜಯಪುರಗಳ ಮಾತುಕತೆಯಲ್ಲಿ ಧಾರಾಳವಾಗಿವೆ. ಎರಡೂ ಕಡೆಯ ಈ ಮಾತುಗಳ ಕೆಳಗೆ ಹೂತುಹೋಗುವುದು ನಿಜವಾದ ಜಮಾಖರ್ಚು. ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಕಲಬುರಗಿ ವಿಭಾಗದಲ್ಲಿ 21, ಬೆಳಗಾವಿ ವಿಭಾಗದಲ್ಲಿ 5, ಬೆಂಗಳೂರು ವಿಭಾಗದಲ್ಲಿ 11, ಮೈಸೂರು ವಿಭಾಗದಲ್ಲಿ 2. ಮೊದಲ ಅಂಕಿ ಉತ್ತರದ ದೂರಿಗೆ ಆಧಾರ. ಮೂರನೆಯ ಅಂಕಿ ದಕ್ಷಿಣವೆಲ್ಲ ಸುಖದಲ್ಲಿದೆ ಎಂಬ ನಂಬಿಕೆಗೆ ಉತ್ತರ. 2012ರಲ್ಲಿ ಸಂವಿಧಾನಕ್ಕೆ 371-ಜೆ ವಿಧಿಯನ್ನು ಸೇರಿಸಿ ವಿಶೇಷ ಸ್ಥಾನ ಕೊಡಬೇಕಾಗಿ ಬಂದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು, ಎಂದರೆ ಕವಿರಾಜಮಾರ್ಗದ ಕೊಪಣ. ನೀರು, ಶಾಲೆ, ರಸ್ತೆಗಳ ಕೊರತೆಯಿಂದ ಬಂದ ಒರಟುತನವನ್ನು ಆ ಜನರ ಹುಟ್ಟುಗುಣವೆಂದು ತೋರಿಸುವ ಹಾಸ್ಯವು ಕೊರತೆಯ ಹೊಣೆಯನ್ನು ಕೊರತೆ ಅನುಭವಿಸಿದವರ ಹೆಸರಿಗೇ ಬರೆಯುತ್ತದೆ.

ಈ ಗೋಡೆ ಹಿಂದೆ ಇಷ್ಟು ಎತ್ತರವಿರಲಿಲ್ಲ. ಮುದುವೊಳಲಿನ, ಈಗಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನರಸಿ ಗಂಗರ ನಾಡಿಗೆ ಬಂದು ಚಾವುಂಡರಾಯನ ಆಶ್ರಯ ಪಡೆದನು, ಅಜಿತಸೇನಾಚಾರ್ಯರಲ್ಲಿ ಓದಿದನು, ಮತ್ತೆ ಉತ್ತರಕ್ಕೆ ಹೋಗಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದನು. ಅವನ ಉಚ್ಚಾರಣೆಯನ್ನು ಕೇಳಿ ಶ್ರವಣಬೆಳಗೊಳದಲ್ಲಿ ಯಾರಾದರೂ ನಕ್ಕರೋ ಏನೋ ಶಾಸನಗಳು ಹೇಳುವುದಿಲ್ಲ. ಆಶ್ರಯಕ್ಕಂತೂ ಅದು ಅಡ್ಡಿಯಾಗಲಿಲ್ಲ.

ಇಂದು ಬೆಳಗಾವಿ–ಬಾಗಲಕೋಟೆಯ ಜೈನ ಮನೆತನಗಳಿಗೂ ತುಳುನಾಡಿನ, ಹಾಸನ–ಮೈಸೂರಿನ ಮನೆತನಗಳಿಗೂ ಸಂಬಂಧ ಬೆಳೆಸುವ ಮಾತು ಬಂದಾಗ ಜಾತಕ, ಉದ್ಯೋಗಗಳ ಬಳಿಕ ಬರುವ ಹಿಂಜರಿಕೆ ಇದೇ: ‘ಅವರ ಮಾತು ಒರಟು’, ‘ಇವರ ಮನಸ್ಸು ಗೊತ್ತಾಗುವುದಿಲ್ಲ’. ಹೇಳುವವರಲ್ಲಿ ಹಲವರು ಆ ಸೀಮೆಯ ಒಂದು ಮನೆಯಲ್ಲಿಯೂ ಒಂದು ಹೊತ್ತು ಕುಳಿತವರಲ್ಲ; ಕಂಡದ್ದು ತೆರೆಯ ಮೇಲೆ. ಜಮಖಂಡಿಯ ಕಡೆಯಿಂದ ಮೈಸೂರಿಗೆ ಸೊಸೆಯಾಗಿ ಬರುವ ಹೆಣ್ಣುಮಗಳು ಕೆಲವು ತಿಂಗಳಲ್ಲಿ ತನ್ನ ‘ರೀ’ಯನ್ನು ಬಿಡುತ್ತಾಳೆ, ಮಾರುಕಟ್ಟೆಯಲ್ಲಿ ಮೊದಲು, ಅತ್ತೆಯ ಮುಂದೆ ಆಮೇಲೆ, ಕೊನೆಗೆ ಮಕ್ಕಳ ಮುಂದೆಯೂ. ಶಾಲೆಯ ಗೆಳೆಯರ ಎದುರಿಗೆ ಹಾಗೆ ಮಾತನಾಡಬೇಡವೆಂದು ಮಕ್ಕಳೇ ಕೇಳಿಕೊಳ್ಳುವುದುಂಟು. ತವರಿನಿಂದ ದೂರವಾಣಿ ಬಂದಾಗ ಮಾತ್ರ ಅವಳು ಒಳಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಪಂಪನ ಸೀಮೆಯ ಕನ್ನಡದಲ್ಲಿ ಗಟ್ಟಿಯಾಗಿ ಮಾತನಾಡುತ್ತಾಳೆ.